ಜಾಕ್ ದಾವಿಯೆಲನೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ

ಕಣ್ಣಿನ ಪೊರೆಯನ್ನು ತೆಗೆಯುವ ಈಗಿನ ಶಸ್ತ್ರಕ್ರಿಯೆಗೆ ಮೂಲಪುರುಷನು ಯಾರೆಂದು ವಿಚಾರಿಸಿದರೆ ವೈದ್ಯಶಾಸ್ತ್ರದ ಚರಿತ್ರೆಗಳು ಜಾಕ್ ದಾವಿಯೆಲ್ ಎಂಬ ಫ್ರೆಂಚ್ ಶಸ್ತ್ರವೈದ್ಯನ ಹೆಸರನ್ನು ಹೇಳುತ್ತವೆ. ಅವನ ವಿಷಯದಲ್ಲಿ ಅವು ಹೇಳುವ ಕಥೆಯೂ ಬಹುಮಟ್ಟಿಗೆ ಒಂದೇ. ಹಳೆಯ ವಿಧಾನದಿಂದ ಒಬ್ಬ ರೋಗಿಗೆ ಚಿಕಿತ್ಸೆ ಮಾಡುತ್ತಿದ್ದಾಗ ಕೆಲಸ ಕೆಟ್ಟಿತು. ಬೇರೆ ದಾರಿ ತೋರದೆ ಅವನು ಕಣ್ಣನ್ನು ಕೊಯ್ದು ಪೊರೆಯನ್ನು ಹೊರಕ್ಕೆ ತೆಗೆದನು. ಹೀಗೆ ಆಕಸ್ಮಿಕವಾಗಿ ಹೊಸ ವಿಧಾನವು ಹುಟ್ಟಿತು. ಈ ಕಥೆ ಸುಳ್ಳಲ್ಲ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮುಖ್ಯವಾದ ಪ್ರಶ್ನೆಯೊಂದು ಹಾಗೆಯೇ ಉಳಿಯುತ್ತದೆ. ದಾವಿಯೆಲನಿಗಿಂತ ಸುಮಾರು ನಲವತ್ತು ವರ್ಷ ಹಿಂದೆಯೇ ಪ್ಯಾರಿಸ್ ನಗರದಲ್ಲಿ ಕಣ್ಣನ್ನು ಕೊಯ್ದು ಅಂಥದೇ ವಸ್ತುವನ್ನು ಹೊರತೆಗೆದ ಶಸ್ತ್ರವೈದ್ಯರಿದ್ದರು. ಅವರಿಗೂ ಆಕಸ್ಮಿಕವೇ ದಾರಿ ತೋರಿಸಿತ್ತು. ಅವರ ಕೈಯಲ್ಲಿ ಒಂದು ಅಪರೂಪದ ಪ್ರಸಂಗವಾಗಿ ಮುಗಿದದ್ದು ಇವನ ಕೈಯಲ್ಲಿ ವಿಧಾನವಾದುದು ಹೇಗೆ? ಪ್ರಕೃತ ಲೇಖನದ ವಿಚಾರವಿಷಯವು ಇದು.

ಮೊದಲು ರೋಗದ ಹೆಸರನ್ನೇ ನೋಡೋಣ. ನಮ್ಮ ಭಾಷೆಯಲ್ಲಿ ಅದಕ್ಕೆ ಪೊರೆ ಎಂದು ಹೆಸರು. ಹಾವು ಕಳಚಿ ಬಿಡುವುದೂ ಪೊರೆಯೇ. ಕಣ್ಣಿನ ಮೇಲೆಯೋ ಒಳಗೆಯೋ ಒಂದು ತೆಳುವಾದ ಪದರ ಬೆಳೆದು ದೃಷ್ಟಿಯನ್ನು ಮುಚ್ಚುತ್ತದೆ ಎಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ಉತ್ತರ ಹಿಂದೂಸ್ಥಾನದವರು ಮೋತಿಯಾಬಿಂದು ಎನ್ನುವರು. ಪಾಪೆಯೊಳಗೆ ಮುತ್ತಿನ ಹನಿಯಂತೆ ಬೆಳ್ಳಗೆ ಕಾಣುವುದನ್ನು ನೋಡಿ ಇಟ್ಟ ಹೆಸರು ಅದು. ಅರಬ್ಬೀ ವೈದ್ಯರು ಇದನ್ನು ನೀರಿನ ಇಳಿಯುವಿಕೆ ಎಂದು ಕರೆದರು. ಅದರಿಂದ ಲ್ಯಾಟಿನಿನಲ್ಲಿ ಜಲಪಾತವೆಂಬ ಅರ್ಥವುಳ್ಳ ಕ್ಯಾಟರಾಕ್ಟ ಎಂಬ ಹೆಸರು ರೂಢಿಗೆ ಬಂತು. ಐರೋಪ್ಯ ಭಾಷೆಗಳಲ್ಲಿ ಹಲವು ಅದನ್ನೇ ಉಳಿಸಿಕೊಂಡವು. ಹೆಸರು ಬೇರೆಬೇರೆಯಾದರೂ ಇವುಗಳಲ್ಲಿ ಒಂದು ಸಮಾನ ಅಂಶವುಂಟು: ಕಣ್ಣಿಗೆ ಸೇರದ ಯಾವುದೋ ಒಂದು, ಪದರವೋ ಹನಿಯೋ ನೀರೋ, ಬಂದು ಅಡ್ಡ ನಿಂತಿದೆ ಎಂಬುದು. ಅಡ್ಡ ನಿಂತದ್ದನ್ನು ಸರಿಸಿದರೆ ಕಣ್ಣು ಕಾಣಬೇಕು. ಹಳೆಯ ಚಿಕಿತ್ಸೆಯ ತರ್ಕವೆಲ್ಲ ಇಷ್ಟೇ.

ಆ ಚಿಕಿತ್ಸೆಯ ಅತಿ ಪ್ರಾಚೀನ ವಿವರಣೆಗಳಲ್ಲಿ ಒಂದು ನಮ್ಮ ದೇಶದ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿದೆ. ಕಫದಿಂದ ಉಂಟಾದ ಲಿಂಗನಾಶಕ್ಕೆ ಅದು ಶಲಾಕೆಯಿಂದ ವೇಧನವನ್ನು ವಿಧಿಸುತ್ತದೆ. ರೋಗಿಯನ್ನು ಕುಳ್ಳಿರಿಸಿ, ಬಲಗಣ್ಣನ್ನು ಎಡಗೈಯಿಂದಲೂ ಎಡಗಣ್ಣನ್ನು ಬಲಗೈಯಿಂದಲೂ, ಕಣ್ಣಿನ ಬಿಳಿಯ ಭಾಗದಲ್ಲಿ ಹೊರಮೂಲೆಯ ಕಡೆಯಿಂದ, ಜವೆಯ ಮೊನೆಯಂಥ ತುದಿಯುಳ್ಳ ಶಲಾಕೆಯನ್ನು ಚುಚ್ಚಿ, ಅದರ ತುದಿಯಿಂದ ದೃಷ್ಟಿಮಂಡಲವನ್ನು ಕೆರೆಯಬೇಕು. ಸರಿಯಾದ ಸ್ಥಳದಲ್ಲಿ ಚುಚ್ಚಿದರೆ ಒಂದು ಸದ್ದೂ ಒಂದು ಹನಿ ನೀರೂ ತೋರುತ್ತವೆ. ಅನಂತರ ರೋಗಿಯು ಮೂಗಿನ ಒಂದು ಹೊಳ್ಳೆಯನ್ನು ಮುಚ್ಚಿಕೊಂಡು ಬಲವಾಗಿ ಸೀದಿದರೆ ಕಫವು ಕಳೆಯುವುದು. ಕಣ್ಣಿಗೆ ತುಪ್ಪದಲ್ಲಿ ಅದ್ದಿದ ಅರಳೆಯನ್ನು ಕಟ್ಟಿ, ಅಂಗಾತ ಮಲಗಿಸಿ, ಕೆಮ್ಮು ಸೀನು ತೇಗು ಇವುಗಳನ್ನು ತಡೆಯಬೇಕು; ಪಥ್ಯವು ಹತ್ತು ದಿನ. ಈ ವಿವರಗಳ ಸೂಕ್ಷ್ಮತೆಯನ್ನು ಕಂಡು ಯಾರಿಗಾದರೂ ಆಶ್ಚರ್ಯವಾಗಬೇಕಾದದ್ದೇ. ಆದರೆ ಇದನ್ನು ಆಧಾರವಾಗಿಟ್ಟುಕೊಂಡು ನಮ್ಮಲ್ಲಿ ಕೆಲವರು ಸುಶ್ರುತನೇ ಪೊರೆಯನ್ನು ಕಣ್ಣಿನಿಂದ ಹೊರಕ್ಕೆ ತೆಗೆದನೆಂದು ಬರೆಯುವುದುಂಟು. ಮೂಲವನ್ನು ನಿಷ್ಪಕ್ಷಪಾತವಾಗಿ ಓದಿದರೆ ಹಾಗೆ ಹೇಳಲು ಆಧಾರ ಸಾಲದು. ಸೂಜಿಯ ರಂಧ್ರದಷ್ಟೇ ಆದ ಗಾಯದಿಂದ ಹೊರಬರುವುದು ದ್ರವವೇ ಹೊರತು ಗಟ್ಟಿಯಾದ ಪದಾರ್ಥವಲ್ಲ. ಕಫವು ಮೂಗಿನ ಮೂಲಕ ಹೋಗುವುದೆಂದು ಗ್ರಂಥವೇ ಹೇಳುತ್ತದೆ. ವಾಸ್ತವದಲ್ಲಿ ಶಲಾಕೆಯು ಮಾಡುತ್ತಿದ್ದುದು ಮಬ್ಬಾದ ಭಾಗವನ್ನು ಪಾಪೆಯ ಎದುರಿನಿಂದ ಜಾರಿಸಿ ಕಣ್ಣಿನ ತಳಕ್ಕೆ ದೂಡುವುದನ್ನು. ಸುಶ್ರುತನ ಹಿರಿಮೆಗೆ ಇದರಿಂದ ಊನವೇನೂ ಇಲ್ಲ. ಗ್ರೀಕರೂ ರೋಮನರೂ ಅರಬ್ಬರೂ ಮಾಡಿದುದು ಇದನ್ನೇ. 18ನೆಯ ಶತಮಾನದ ಮಧ್ಯದವರೆಗೆ ಯೂರೋಪಿನ ಅತ್ಯಂತ ಪ್ರಸಿದ್ಧ ನೇತ್ರವೈದ್ಯರೂ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ.

ಹೀಗೆ ದೂಡಿದ ವಸ್ತುವು ಏನು ಎಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಪಾಪೆಯ ಹಿಂದೆ, ಚನ್ನಂಗಿಬೇಳೆಯ ಆಕಾರದಲ್ಲಿ, ಸ್ಫಟಿಕದಂತೆ ತಿಳಿಯಾದ ಒಂದು ಭಾಗವಿದೆ. ಬೇಳೆಯ ಹೆಸರಿನಿಂದಲೇ ನಾವು ಅದನ್ನು ಮಸೂರವೆನ್ನುತ್ತೇವೆ. ಲ್ಯಾಟಿನಿನ ಲೆನ್ಸ್ ಎಂಬ ಮಾತಿಗೂ ಅರ್ಥ ಆ ಬೇಳೆಯೇ. ಸುಶ್ರುತಸಂಹಿತೆಯು ದೃಷ್ಟಿಯ ಪ್ರಮಾಣವನ್ನು ಹೇಳುವಾಗ ಉಪಮಾನವಾಗಿ ತೆಗೆದುಕೊಂಡುದೂ ಅದನ್ನೇ ಎಂಬುದು ಗಮನಿಸತಕ್ಕ ವಿಷಯ. ಗ್ಯಾಲೆನನು ಈ ಮಸೂರವೇ ನೋಡುವ ಇಂದ್ರಿಯವೆಂದು ಬೋಧಿಸಿದ್ದನು. ನೋಡುವ ಇಂದ್ರಿಯವನ್ನೇ ಕೆಳಕ್ಕೆ ತಳ್ಳಿದ ಮೇಲೆ ಕಣ್ಣು ಕಾಣುವುದೆಂದರೆ ಅಸಂಬದ್ಧವಾಗುವುದಷ್ಟೆ. ಆದಕಾರಣ ಪೊರೆಯು ಮಸೂರಕ್ಕೂ ಪಾಪೆಗೂ ನಡುವೆ ಹೆಪ್ಪುಗಟ್ಟಿದ ರಸವೆಂದು ಎಲ್ಲರೂ ನಂಬಿದರು. 1583ರಲ್ಲಿ ಫೆಲಿಕ್ಸ್ ಪ್ಲಾಟರನೂ 1604ರಲ್ಲಿ ಕೆಪ್ಲರನೂ ನೋಡುವ ಸ್ಥಾನವು ಹಿಂದಿನ ಅಕ್ಷಿಪಟಲವೆಂದೂ, ಮಸೂರವು ಬೆಳಕನ್ನು ಬಾಗಿಸುವ ಗಾಜಿನಂತೆ ಮಾತ್ರವೆಂದೂ ತೋರಿಸಿದರು. ಅಷ್ಟಾದರೂ ಚಿಕಿತ್ಸಕರ ನಂಬಿಕೆಯು ಅಲುಗಲಿಲ್ಲ. ಒಂದು ಶಾಸ್ತ್ರದಲ್ಲಿ ಸಿದ್ಧವಾದ ಮಾತು ಪಕ್ಕದ ಶಾಸ್ತ್ರದ ಬಾಗಿಲನ್ನು ತಲಪುವುದಕ್ಕೆ ನೂರು ವರ್ಷ ಹಿಡಿಯುವುದು ಅಪೂರ್ವವೇನಲ್ಲ. ಕೊನೆಗೆ 1705ರಲ್ಲಿ ಬ್ರಿಸ್ಸೋ ಎಂಬ ಫ್ರೆಂಚ್ ವೈದ್ಯನು, ಪೊರೆಯಿದ್ದ ಒಬ್ಬ ಸೈನಿಕನು ಸತ್ತ ಮೇಲೆ, ಶವದ ಕಣ್ಣಿನಲ್ಲಿ ತಾನೇ ಸೂಜಿಯಿಂದ ಪೊರೆಯನ್ನು ಕೆಳಕ್ಕೆ ದೂಡಿ, ಆಮೇಲೆ ಕಣ್ಣನ್ನು ಬಿಚ್ಚಿ ನೋಡಿದನು. ಕೆಳಗೆ ಬಿದ್ದಿದ್ದುದು ಪದರವಲ್ಲ, ಮಬ್ಬಾದ ಮಸೂರವೇ. ಪ್ಯಾರಿಸಿನ ವಿಜ್ಞಾನ ಪರಿಷತ್ತಿನ ವಿದ್ವಾಂಸರು ಮೊದಲು ಇದನ್ನು ಒಪ್ಪಲಿಲ್ಲ. 1707ರಲ್ಲಿ ಮೇತ್ರ್ ಜಾಂ ಎಂಬ ಶಸ್ತ್ರವೈದ್ಯನು ಇದೇ ಅಭಿಪ್ರಾಯವನ್ನು ಪ್ರಕಟಿಸಿದನು; 1708ರ ವೇಳೆಗೆ ಪರಿಷತ್ತೂ ಒಪ್ಪಿತು.

ಪೊರೆಯೆಂದರೆ ಮಸೂರ, ಮಸೂರವಿಲ್ಲದೆಯೂ ಕಣ್ಣು ಕಾಣುತ್ತದೆ ಎಂದು ಸಿದ್ಧವಾಯಿತು. ಹಾಗಾದರೆ ಅದನ್ನು ಒಳಗೇ ದೂಡಿ ಬಿಡುವ ಬದಲು ಹೊರಕ್ಕೆ ತೆಗೆಯಬಾರದೇಕೆ? ಈ ಪ್ರಶ್ನೆಯನ್ನು ಕೇಳಿದವರೂ ಇದ್ದರು. ಮಸೂರವು ತಾನಾಗಿಯೇ ಜಾರಿ ಪಾಪೆಯ ಮುಂದಕ್ಕೆ ಬಂದು ನಿಂತ ಒಂದೆರಡು ಪ್ರಸಂಗಗಳಲ್ಲಿ ಸೇಂಟ್ ಈವ್ ಎಂಬುವನೂ, ಹೆಸರುವಾಸಿಯಾದ ಶಸ್ತ್ರವೈದ್ಯ ಜಾಂ ಲೂಯಿ ಪೆತಿಯೂ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯವನ್ನು ಕೊಯ್ದು ಅದನ್ನು ಹೊರತೆಗೆದಿದ್ದರು. ಎಲ್ಲ ಪೊರೆಗಳಿಗೂ ಇದನ್ನೇ ಮಾಡಬಹುದಲ್ಲವೇ ಎಂದು ಮೇರಿ ಎಂಬ ಅಂಗರಚನಾಶಾಸ್ತ್ರಜ್ಞನು ಆಗಲೇ ಸೂಚಿಸಿದನು. ಸೂಚನೆ ಸೂಚನೆಯಾಗಿಯೇ ಉಳಿಯಿತು. ಕಣ್ಣನ್ನು ತೆರೆದರೆ ಅದರೊಳಗಿನ ರಸವೆಲ್ಲ ಸೋರಿ ಕಣ್ಣು ಇಂಗಿಹೋಗುವುದೆಂಬ ಭಯವು ಒಂದು ಕಡೆ. ಎರಡು ಸಾವಿರ ವರ್ಷಗಳ ರೂಢಿ ಮತ್ತೊಂದು ಕಡೆ. ಹಳೆಯ ವಿಧಾನದಲ್ಲಿ ಒಂದು ಮೋಹಕವಾದ ಗುಣವೂ ಇತ್ತು: ಸೂಜಿ ಚುಚ್ಚಿದ ಕ್ಷಣದಲ್ಲಿಯೇ ಕುರುಡನಿಗೆ ಕಣ್ಣು ಕಾಣುತ್ತಿತ್ತು. ಊರೂರು ಸುತ್ತುವ ಕಣ್ಣಿನ ವೈದ್ಯನಿಗೆ ಅಷ್ಟೇ ಸಾಕು. ದೂಡಿದ ಮಸೂರವು ಮತ್ತೆ ಮೇಲಕ್ಕೇರುವುದು, ಕಣ್ಣು ಊದಿ ಕೆಂಪಾಗಿ ನೋವಿನಿಂದ ಹಾಳಾಗುವುದು, ಇವೆಲ್ಲ ಅವನು ಹಣವನ್ನು ತೆಗೆದುಕೊಂಡು ಮುಂದಿನ ಊರಿಗೆ ಹೋದ ಮೇಲಿನ ಸಮಾಚಾರ. ಆ ಕಾಲದ ಇಂಥ ವೈದ್ಯರಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷಿನವನು ಬಹು ಪ್ರಖ್ಯಾತನು. ಸಂಗೀತಗಾರ ಬಾಖನ ಕಣ್ಣಿಗೆ 1750ರಲ್ಲಿ ಎರಡು ಸಲ ಸೂಜಿ ಹಾಕಿದವನು ಅವನೇ. ಬಾಖನು ಪೂರ್ಣವಾಗಿ ಕುರುಡನಾಗಿ ಅದೇ ವರ್ಷ ಜುಲೈ 28ರಂದು ತೀರಿಕೊಂಡನು.

ದಾವಿಯೆಲನು ಹುಟ್ಟಿದುದು ನಾರ್ಮಂಡಿ ಪ್ರಾಂತದ ಲಾ ಬಾರ್ ಎಂಬ ಸಣ್ಣ ಊರಿನಲ್ಲಿ. ಜನನವು 1696 ಎಂದು ಬರೆದವರೂ ಇರುವರು. 1693 ಎಂಬುದೇ ಹೆಚ್ಚು ಗ್ರಾಹ್ಯವಾಗಿದೆ. ರುವಾನ್ ಪಟ್ಟಣದಲ್ಲಿಯೂ ಆಮೇಲೆ ಪ್ಯಾರಿಸಿನಲ್ಲಿಯೂ ಶಸ್ತ್ರವೈದ್ಯವನ್ನು ಕಲಿತನು. ಅವನ ಬಾಲ್ಯದ ವಿಷಯದಲ್ಲಿ ಇದಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದೇನೂ ಇಲ್ಲ. ಅವನ ಹೆಸರು ಮೊದಲು ಬೆಳಕಿಗೆ ಬರುವುದು ಒಂದು ಮಹಾಮಾರಿಯ ಸಂದರ್ಭದಲ್ಲಿ. 1720ನೆಯ ಮೇ ತಿಂಗಳಲ್ಲಿ ಪೂರ್ವದೇಶದಿಂದ ಸರಕನ್ನು ತುಂಬಿಕೊಂಡು ಮಾರ್ಸೇಲ್ ಬಂದರಿಗೆ ಬಂದ ಒಂದು ಹಡಗಿನಿಂದ ಪ್ಲೇಗು ಹರಡಿತು. ಸುಮಾರು ತೊಂಬತ್ತು ಸಾವಿರ ಜನರಿದ್ದ ಆ ಪಟ್ಟಣದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸತ್ತರು. ಊರನ್ನು ಬಿಟ್ಟು ಓಡಬಲ್ಲವರೆಲ್ಲ ಓಡುತ್ತಿದ್ದಾಗ ಆ ಊರಿನೊಳಕ್ಕೆ ತಾವಾಗಿ ಹೋದ ಶಸ್ತ್ರವೈದ್ಯರಲ್ಲಿ ತರುಣ ದಾವಿಯೆಲನು ಒಬ್ಬನು. ರೋಗ ಶಾಂತವಾದ ಬಳಿಕ, ಈ ಸೇವೆಗೆ ಪ್ರತಿಫಲವಾಗಿ, ಮಾರ್ಸೇಲಿನ ಶಸ್ತ್ರವೈದ್ಯರ ಸಂಘವು ಅವನನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿಯ ಆಸ್ಪತ್ರೆಯಲ್ಲಿ ಅವನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕೆಲಸ ಮಾಡಿದನು. 1728ರಿಂದ ಅವನ ಗಮನವು ಹೆಚ್ಚಾಗಿ ಕಣ್ಣಿನ ಕಡೆಗೆ ತಿರುಗಿತು.

ಇಲ್ಲಿ ಶಸ್ತ್ರವೈದ್ಯನೆಂಬ ಮಾತಿನ ಬೆಲೆಯನ್ನು ವಾಚಕರು ತಿಳಿದಿರುವುದು ಅವಶ್ಯಕ. ಫ್ರಾನ್ಸಿನಲ್ಲಿ ಆಗ ವೈದ್ಯನೂ ಶಸ್ತ್ರವೈದ್ಯನೂ ಬೇರೆಬೇರೆ ಜಾತಿಯವರಂತಿದ್ದರು. ವೈದ್ಯನು ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಓದಿ ಪದವಿ ಪಡೆದವನು, ನಾಡಿಯನ್ನು ಹಿಡಿದು ಔಷಧವನ್ನು ಬರೆದುಕೊಡುವನು, ರಕ್ತಕ್ಕೆ ಕೈಯಿಕ್ಕನು. ಕೊಯ್ಯುವ, ಕಟ್ಟುವ, ಸುಡುವ ಕೆಲಸವೆಲ್ಲ ಕೈಕಸುಬಿನವನಾದ ಶಸ್ತ್ರವೈದ್ಯನದು. 17ನೆಯ ಶತಮಾನದ ಮಧ್ಯದಲ್ಲಿ ಶಸ್ತ್ರವೈದ್ಯರನ್ನು ಕ್ಷೌರಿಕರ ಸಂಘದೊಡನೆ ಒಂದುಗೂಡಿಸಿದ್ದರು. ಈ ಅವಮಾನವನ್ನು ತೊಡೆಯುವುದಕ್ಕೆ ಎರಡು ತಲೆಮಾರುಗಳು ಹೋರಾಡಿದುವು. ದೊರೆಯ ಪ್ರಥಮ ಶಸ್ತ್ರವೈದ್ಯರಾಗಿದ್ದ ಮರೆಶಾಲನೂ ಲಾ ಪೆರೋನಿಯೂ 1731ರಲ್ಲಿ ಶಸ್ತ್ರವೈದ್ಯರ ಪರಿಷತ್ತನ್ನು ಸ್ಥಾಪಿಸಿದರು. 1743ರ ರಾಜಶಾಸನವು ಶಸ್ತ್ರವೈದ್ಯರನ್ನು ಕ್ಷೌರಿಕರಿಂದ ಬೇರ್ಪಡಿಸಿತು. ಅದೇ ವರ್ಷ ಪರಿಷತ್ತಿನ ಪ್ರಬಂಧಗಳ ಮೊದಲನೆಯ ಸಂಪುಟ ಪ್ರಕಟವಾಯಿತು. ಅದಕ್ಕೆ ಮುನ್ನುಡಿಯನ್ನು ಬರೆದವನು ಕೆನೆ. ಮುಂದೆ ಅರ್ಥಶಾಸ್ತ್ರದಲ್ಲಿ ಒಂದು ಪಂಥಕ್ಕೆ ಆಚಾರ್ಯನಾದವನು ಇವನೇ. ಶಸ್ತ್ರವಿದ್ಯೆಗೆ ಅನುಭವವೂ ಅನುಭವದ ಮೇಲೆ ನಡೆಸಿದ ವಿಚಾರವೂ ಎರಡು ಕಣ್ಣುಗಳೆಂಬುದು ಆ ಪರಿಷತ್ತಿನ ಮತವಾಗಿತ್ತು. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಪೆತಿಯೂ ಸೇಂಟ್ ಈವನೂ ಮಸೂರವನ್ನು ತೆಗೆದಾಗ ಶಸ್ತ್ರವೈದ್ಯರ ಅನುಭವವನ್ನು ಒಂದೆಡೆ ಕೂಡಿಸಿ, ಓದಿ, ಚರ್ಚಿಸಿ, ಅಚ್ಚುಮಾಡುವ ಇಂಥ ಸ್ಥಳವಿರಲಿಲ್ಲ. ದಾವಿಯೆಲನ ಕಾಲಕ್ಕೆ ಅದು ಸಿದ್ಧವಾಗಿತ್ತು.

ಉಳಿದರ್ಧ ಉತ್ತರವು ಅವನ ಸ್ವಭಾವದಲ್ಲಿದೆ. 1745ರ ವೇಳೆಗೆ ದಾವಿಯೆಲನು ಸೂಜಿಯ ವಿಧಾನದಲ್ಲಿ ನಿಸ್ಸೀಮನೆಂದು ಹೆಸರು ಪಡೆದಿದ್ದನು. ದೂರದೇಶಗಳಿಂದಲೂ ಅವನಿಗೆ ಕರೆ ಬರುತ್ತಿತ್ತು. ಆ ವರ್ಷ ಪ್ರೊವಾನ್ಸ್ ಪ್ರಾಂತದಲ್ಲಿ ಏಕಾಂತವಾಸಿಯಾದ ಒಬ್ಬ ಸಂನ್ಯಾಸಿಗೆ ಅವನು ಸೂಜಿ ಹಾಕಿದನು. ಮಸೂರವು ಕೆಳಕ್ಕಿಳಿಯಲಿಲ್ಲ, ಒಡೆದು ಚೂರಾಯಿತು, ಚೂರುಗಳೂ ರಕ್ತವೂ ಪಾಪೆಯ ಮುಂದಕ್ಕೆ ನುಗ್ಗಿ ಕಣ್ಣೆಲ್ಲ ಮಸುಕಾಯಿತು. ಮೇರಿಯ ಹಳೆಯ ಸೂಚನೆ ಅವನಿಗೆ ತಿಳಿಯದುದಲ್ಲ. ಅವನು ಕಾರ್ನಿಯದ ಕೆಳಭಾಗವನ್ನು ಕೊಯ್ದನು. ರಕ್ತವೂ ಮಸೂರದ ಚೂರುಗಳೂ ಹೊರಬಂದುವು, ಪಾಪೆಯು ತಿಳಿಯಾಯಿತು, ರೋಗಿಯು ಎದುರಿಗಿದ್ದ ವಸ್ತುಗಳನ್ನು ಗುರುತಿಸಿದನು. ಆದರೆ ಮುಂದೆ ಕೀವಾಗಿ ಆ ಕಣ್ಣು ಉಳಿಯಲಿಲ್ಲ.

ಚರಿತ್ರೆಗಳು ಬೇಗ ದಾಟಿಹೋಗುವ ಈ ಕೊನೆಯ ಮಾತಿನಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಹೊಸ ವಿಧಾನಕ್ಕೆ ಜನ್ಮವಿತ್ತಿತೆಂದು ಹೇಳುವ ಆ ಶಸ್ತ್ರಕ್ರಿಯೆಯು ಫಲದ ದೃಷ್ಟಿಯಿಂದ ಸೋಲು. ಹಳೆಯ ವಿಧಾನವೂ ಸೋತಿತು, ಹೊಸದೂ ಸೋತಿತು. ಐವತ್ತು ದಾಟಿದ, ಕೀರ್ತಿವಂತನಾದ ಶಸ್ತ್ರವೈದ್ಯನೊಬ್ಬನು ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಮಾಡುವುದೇನು? ಈ ಪೊರೆಯು ಇನ್ನೂ ಹಣ್ಣಾಗಿರಲಿಲ್ಲವೆಂದೋ, ರೋಗಿಯ ದೇಹಪ್ರಕೃತಿ ಕೆಟ್ಟದ್ದೆಂದೋ, ಆ ದಿನ ಕೈ ತಪ್ಪಿತೆಂದೋ ಸಮಾಧಾನ ಮಾಡಿಕೊಂಡು ಮರುದಿನ ಮತ್ತೆ ಸೂಜಿಯನ್ನು ಹಿಡಿಯುವುದು. ದಾವಿಯೆಲನೂ ಮತ್ತೆ ಸೂಜಿಯನ್ನು ಹಿಡಿದನು. ಅವನು ಒಂದೇ ದಿನದಲ್ಲಿ ಮತಾಂತರ ಹೊಂದಿದವನಲ್ಲ. ಆದರೆ ಸೋಲಿನೊಳಗೆ ಎರಡು ಬೇರೆ ಸಂಗತಿಗಳಿರುವುದನ್ನು ಅವನು ಕಂಡನು. ಕಣ್ಣನ್ನು ಕೊಯ್ದರೂ ಅದು ಕೂಡಲೇ ಇಂಗಿಹೋಗಲಿಲ್ಲ. ಒಳಗಿನ ಮಸೂರವು ಹೊರಬಂದ ಮೇಲೆ ರೋಗಿ ನೋಡಿದನು. ಕಣ್ಣು ಹಾಳಾದದ್ದು ಆಮೇಲಿನ ಕೀವಿನಿಂದ. ಹಾಗಾದರೆ ಕೊಯ್ಯುವುದೇ ಅಸಾಧ್ಯವೆಂಬ ಭಯಕ್ಕೆ ಆಧಾರವಿಲ್ಲ. ದೋಷವು ತನ್ನ ಕೈಯಲ್ಲಿರದೆ ಸೂಜಿಯ ವಿಧಾನದಲ್ಲಿಯೇ ಇರಬಹುದೆಂಬ ಸಂಶಯವು, ಆ ಕೈಯ ಚಾತುರ್ಯದಿಂದಲೇ ಬಾಳಿದವನಿಗೆ ಬರುವುದು ಸುಲಭವಲ್ಲ.

ಮರುವರ್ಷ ಅವನು ಪ್ಯಾರಿಸಿಗೆ ಬಂದು ನೆಲಸಿದನು. 1747ನೆಯ ಏಪ್ರಿಲ್ 8ರಂದು ಗಾರಿಯೋಂ ಎಂಬ ಕೃತಕಕೇಶ ಮಾಡುವವನೊಬ್ಬನ ಕಣ್ಣಿಗೆ ಸೂಜಿ ಹಾಕಿದಾಗ ಮತ್ತೆ ಅದೇ ಸ್ಥಿತಿ ಒದಗಿತು: ಮಸೂರವು ಇಳಿಯಲೊಲ್ಲದು. ಈ ಸಲ ಅವನು ತಡಮಾಡಲಿಲ್ಲ. ಕಾರ್ನಿಯವನ್ನು ಕೊಯ್ದು ಮಸೂರವನ್ನು ತೆಗೆದನು. ಕಣ್ಣು ಉಳಿಯಿತು, ದೃಷ್ಟಿಯೂ ಬಂತು. ಹೊಸ ವಿಧಾನದ ಜನ್ಮದಿನವೆಂದು ಈಗ ಎಣಿಸುವುದು ಈ ದಿನವನ್ನು. 1749ರಲ್ಲಿ ಅವನು 15ನೆಯ ಲೂಯಿ ದೊರೆಯ ನೇತ್ರವೈದ್ಯನಾದನು. 1750ರಲ್ಲಿ ಒಬ್ಬ ರಾಜಕುಮಾರಿಯ ಕಣ್ಣಿನ ಚಿಕಿತ್ಸೆಗಾಗಿ ಜರ್ಮನಿಯ ಮಾನ್‌ಹೈಮಿಗೆ ಪ್ರಯಾಣ ಮಾಡಿದನು. ಆ ಕಾಲದಿಂದ ಸೂಜಿಯನ್ನು ಕೆಳಗಿಟ್ಟು ಮಸೂರವನ್ನು ತೆಗೆಯುವುದನ್ನೇ ನಿಯಮವನ್ನಾಗಿ ಮಾಡಿಕೊಂಡನು. ಸೋಲಿನಿಂದ ಸಂಕಲ್ಪದವರೆಗೆ ಐದು ವರ್ಷ. ಸಂಕಲ್ಪದಿಂದ ಪ್ರಕಟನೆಯವರೆಗೆ ಮತ್ತೆ ಎರಡು ವರ್ಷ. ಆಕಸ್ಮಿಕವೆಂಬ ಮಾತು ಈ ಏಳು ವರ್ಷಗಳನ್ನು ನುಂಗಿಬಿಡುತ್ತದೆ.

1752ರಲ್ಲಿ ಅವನು ಪರಿಷತ್ತಿನ ಮುಂದೆ ತನ್ನ ಪ್ರಬಂಧವನ್ನು ಓದಿದನು. 1753ರಲ್ಲಿ ಪರಿಷತ್ತಿನ ಪ್ರಬಂಧಗಳ ಎರಡನೆಯ ಸಂಪುಟದಲ್ಲಿ ಅದು ಅಚ್ಚಾಯಿತು. ಅವನು ವರ್ಣಿಸಿದ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕು. ರೋಗಿಯನ್ನು ತಗ್ಗಾದ ಕುರ್ಚಿಯ ಮೇಲೆ ಬೆಳಕಿಗೆ ಓರೆಯಾಗಿ ಕುಳ್ಳಿರಿಸಿ, ಇನ್ನೊಂದು ಕಣ್ಣನ್ನು ಕಟ್ಟಿ, ಹಿಂದೆ ನಿಂತ ಸಹಾಯಕನು ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿಯುವನು. ಶಸ್ತ್ರವೈದ್ಯನು ಸ್ವಲ್ಪ ಎತ್ತರವಾದ ಆಸನದಲ್ಲಿ ಎದುರಿಗೆ ಕುಳಿತು, ಎಲೆಯಾಕಾರದ ಹರಿತವಾದ ಸೂಜಿಗತ್ತಿಯನ್ನು ಕಾರ್ನಿಯದ ಕೆಳಗಿನ ಅಂಚಿನಲ್ಲಿ ಒಳಹೊಗಿಸುವನು. ಮೊನೆಯಿಲ್ಲದ ಇನ್ನೊಂದು ಕತ್ತಿಯಿಂದ ಗಾಯವನ್ನು ಎರಡು ಕಡೆಗೂ ಹಿಗ್ಗಿಸುವನು. ಆಮೇಲೆ ಎಡಕ್ಕೊಂದು ಬಲಕ್ಕೊಂದು ಬಾಗಿದ ಎರಡು ಸಣ್ಣ ಕತ್ತರಿಗಳಿಂದ ಅರ್ಧಚಂದ್ರಾಕಾರವಾಗಿ ಪಾಪೆಗಿಂತ ಸ್ವಲ್ಪ ಮೇಲಿನವರೆಗೆ ಕೊಯ್ಯುವನು. ಚಿನ್ನದ ಒಂದು ಪುಟ್ಟ ಚಮಚೆಯಿಂದ ಆ ಪಟಲವನ್ನು ಬಾಗಿಲಿನಂತೆ ಎತ್ತಿ, ಮಸೂರದ ಕೋಶವನ್ನು ಸೂಜಿಯಿಂದ ಸೀಳಿ, ಬೆರಳಿನಿಂದ ಕಣ್ಣುಗುಡ್ಡೆಯನ್ನು ಹದವಾಗಿ ಒತ್ತುವನು. ಪಾಪೆಯು ಹಿಗ್ಗುತ್ತದೆ, ಮಸೂರವು ಮೆಲ್ಲಗೆ ಹೊರಕ್ಕೆ ಜಾರಿ ಕೆನ್ನೆಯ ಮೇಲೆ ಬೀಳುತ್ತದೆ. ಎತ್ತಿದ ಪಟಲವನ್ನು ಮೊದಲಿನ ಸ್ಥಾನದಲ್ಲಿಟ್ಟು, ದ್ರಾಕ್ಷಾರಸದಲ್ಲಿ ನೆನೆಸಿದ ಬಟ್ಟೆಯನ್ನು ಕಟ್ಟಿ, ಕತ್ತಲೆಯ ಕೋಣೆಯಲ್ಲಿ ಕೆಲವು ದಿನ ರೋಗಿಯನ್ನು ಅಂಗಾತ ಮಲಗಿಸುವನು. ಮಲಗಿಸುವ ಈ ಕ್ರಮದಲ್ಲಿ ಸುಶ್ರುತನೂ ದಾವಿಯೆಲನೂ ಒಂದೇ ಮಾತನ್ನಾಡುತ್ತಾರೆ. ಇದೆಲ್ಲ ನಡೆಯುವಾಗ ರೋಗಿಯು ಪೂರ್ಣ ಎಚ್ಚರದಲ್ಲಿರುತ್ತಿದ್ದನೆಂಬುದನ್ನು ಮರೆಯಬಾರದು. ಕಣ್ಣನ್ನು ಮರವಾಗಿಸುವ ಕೊಕೇನಿನ ಗುಣವು ತಿಳಿದುಬಂದದ್ದು 1884ರಲ್ಲಿ.

ಪ್ರಬಂಧದಲ್ಲಿ ಅತ್ಯಂತ ಬೆಲೆಯುಳ್ಳ ಭಾಗವು ಯಾವುದೆಂದರೆ ಅದರ ಲೆಕ್ಕ. ತಾನು ಮಾಡಿದ 206 ಶಸ್ತ್ರಕ್ರಿಯೆಗಳಲ್ಲಿ 182 ಫಲಿಸಿದುವೆಂದು ದಾವಿಯೆಲನು ಹೇಳಿದನು. ಅಂದರೆ 24 ಸೋತುವು. 1756ರಲ್ಲಿ ಅವನೇ ಕೊಟ್ಟ ಎರಡನೆಯ ಲೆಕ್ಕದಲ್ಲಿ 434ಕ್ಕೆ 50 ಸೋಲುಗಳು. ಎರಡರಲ್ಲಿಯೂ ಪ್ರಮಾಣವು ಹೆಚ್ಚುಕಡಿಮೆ ಒಂದೇ: ಎಂಟೊಂಬತ್ತು ಮಂದಿಯಲ್ಲಿ ಒಬ್ಬನು ಕೆಟ್ಟನು. ಈ ಅಂಕಗಳನ್ನು ಹಾಗೆಹಾಗೆಯೇ ನಂಬುವುದು ಉಚಿತವಲ್ಲ. ಫಲಿಸಿತೆಂದರೆ ಎಷ್ಟು ದೃಷ್ಟಿ ಬಂದಿತೆಂಬುದಕ್ಕೆ ಆ ಕಾಲದಲ್ಲಿ ಅಳತೆಗೋಲು ಇರಲಿಲ್ಲ. ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ಬರೆದುಕೊಂಡವನ ಲೆಕ್ಕವಾದ್ದರಿಂದ ಸ್ವಲ್ಪ ಕಳೆದೇ ಓದಬೇಕು. ಆದರೂ ಈ ಲೆಕ್ಕದ ಮಹತ್ವ ಕುಗ್ಗುವುದಿಲ್ಲ. ಟೇಲರನಂಥವರ ಗ್ರಂಥಗಳಲ್ಲಿ ಗೆಲವುಗಳಿಗೆ ಎಣೆಯಿಲ್ಲ, ಸೋಲು ಕಾಣುವುದಿಲ್ಲ. ಅಲ್ಲಿ ಉಲ್ಲೇಖಿಸಲ್ಪಡುವವರು ಅರಸರು, ಅಮಾತ್ಯರು. ದಾವಿಯೆಲನು ಸಹಪಾಠಿಗಳೂ ಪ್ರತಿಸ್ಪರ್ಧಿಗಳೂ ಕುಳಿತಿದ್ದ ಸಭೆಯಲ್ಲಿ ತನ್ನ ಸೋಲುಗಳ ಸಂಖ್ಯೆಯನ್ನು ಓದಿದನು. ಅದನ್ನು ಕೇಳಿದವನು ತನ್ನ ಲೆಕ್ಕವನ್ನು ಇದರ ಪಕ್ಕಕ್ಕೆ ಇಟ್ಟು ತೂಗಬಹುದಾಗಿತ್ತು. ಪೆತಿಯ ಪ್ರಸಂಗಕ್ಕೂ ದಾವಿಯೆಲನ ವಿಧಾನಕ್ಕೂ ಇರುವ ವ್ಯತ್ಯಾಸವು ಇದೇ ಎಂದು ನನ್ನ ಅಭಿಪ್ರಾಯ.

ತೂಗಿದವರು ಬೇಗನೆ ಕಂಡುಕೊಂಡ ಕೊರತೆಯೆಂದರೆ ಉಪಕರಣಗಳ ಬಾಹುಳ್ಯ. ಒಂದು ಕಣ್ಣಿಗೆ ಇಷ್ಟೊಂದು ಕತ್ತಿ ಕತ್ತರಿಗಳೇಕೆ? ಪ್ಯಾರಿಸಿನಲ್ಲಿ ಲಾ ಫೇ ಎಂಬುವನೂ, ಲಂಡನ್ನಿನಲ್ಲಿ ಸ್ಯಾಮ್ಯುಯಲ್ ಶಾರ್ಪನೂ, ಒಂದೇ ಕತ್ತಿಯನ್ನು ಕಾರ್ನಿಯದ ಒಂದು ಪಕ್ಕದಿಂದ ಮತ್ತೊಂದು ಪಕ್ಕಕ್ಕೆ ಹಾಯಿಸಿ ಒಂದೇ ಬೀಸಿನಲ್ಲಿ ಕೊಯ್ಯುವ ಕ್ರಮವನ್ನು ತಂದರು. ಶಾರ್ಪನ ಲೇಖನವು 1753ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ದಾವಿಯೆಲನ ಕತ್ತರಿಗಳು ಹೀಗೆ ಬೇಗನೆ ಮೂಲೆಗೆ ಬಿದ್ದುವು, ವಿಧಾನವು ಉಳಿಯಿತು. ಉಳಿದುದೂ ನಿರಾತಂಕವಾಗಿ ಅಲ್ಲ. ಇಂಗ್ಲೆಂಡಿನ ಪ್ರಸಿದ್ಧ ಶಸ್ತ್ರವೈದ್ಯ ಪರ್ಸಿವಲ್ ಪಾಟನು 1775ರಲ್ಲಿ ಸೂಜಿಯೇ ಮೇಲೆಂದು ವಾದಿಸಿದನು. ಇಟಲಿಯ ಸ್ಕಾರ್ಪನ ಮತವೂ ಅದೇ. ಇವರನ್ನು ಸಂಪ್ರದಾಯಜಡರೆಂದು ತಳ್ಳಿಬಿಡಲಾಗದು. ಕೀವಿಗೆ ಕಾರಣವು ತಿಳಿಯದಿದ್ದ ಆ ಕಾಲದಲ್ಲಿ ದೊಡ್ಡ ಗಾಯವೆಂದರೆ ದೊಡ್ಡ ಅಪಾಯ. ಸೂಜಿಯಿಂದ ಕಣ್ಣು ಕೆಡುವುದು ಮೆಲ್ಲಗೆ, ಕತ್ತಿಯಿಂದ ಕೆಟ್ಟರೆ ವಾರದೊಳಗೇ ಕಾಣುತ್ತಿತ್ತು. ನಮ್ಮ ದೇಶದಲ್ಲಿ ಶಲಾಕೆಯ ಪರಂಪರೆಯು, ಶಾಸ್ತ್ರದ ಅಧ್ಯಯನವಿಲ್ಲದ ಸಂಚಾರಿ ವೈದ್ಯರ ಕೈಯಲ್ಲಿ, ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂತು. ಮದರಾಸಿನ ಸರ್ಕಾರಿ ಕಣ್ಣಿನ ಆಸ್ಪತ್ರೆಯ ಅಧಿಕಾರಿಯಾಗಿದ್ದ ಎಲಿಯಟ್ ಎಂಬುವನು ಹೀಗೆ ಕೆಟ್ಟ ನೂರಾರು ಕಣ್ಣುಗಳನ್ನು ಪರೀಕ್ಷಿಸಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಬರೆದಿದ್ದಾನೆ.

ಸಾಹಿತ್ಯದ ಉಪಾಧ್ಯಾಯರಿಗೆ ರುಚಿಸಬಹುದಾದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಹುಟ್ಟುಗುರುಡನೊಬ್ಬನಿಗೆ ಕಣ್ಣು ಬಂದರೆ, ಕೈಯಿಂದ ಮುಟ್ಟಿ ತಿಳಿದಿದ್ದ ಗೋಳವನ್ನೂ ಘನವನ್ನೂ ಅವನು ನೋಡಿದೊಡನೆ ಗುರುತಿಸುವನೇ ಎಂಬ ಪ್ರಶ್ನೆಯನ್ನು ಮಾಲಿನೋ ಎಂಬ ಐರ್ಲೆಂಡಿನ ವಿದ್ವಾಂಸನು ತತ್ತ್ವಜ್ಞ ಲಾಕನಿಗೆ ಕಳುಹಿಸಿದ್ದನು. 18ನೆಯ ಶತಮಾನದ ತತ್ತ್ವಜ್ಞರೆಲ್ಲ ಇದನ್ನು ಚರ್ಚಿಸಿದರು. ದಿದರೋ 1749ರಲ್ಲಿ ಕುರುಡರನ್ನು ಕುರಿತ ತನ್ನ ಪತ್ರವನ್ನು ಬರೆದು, ಅದರಲ್ಲಿಯ ಮತವಿರುದ್ಧವಾದ ಮಾತುಗಳಿಗಾಗಿ ಸೆರೆಮನೆಯನ್ನು ಕಂಡನು. ಬಹುಕಾಲದ ಮೇಲೆ ಆ ಪತ್ರಕ್ಕೆ ಸೇರಿಸಿದ ಅನುಬಂಧದಲ್ಲಿ ಅವನು ದಾವಿಯೆಲನ ಒಬ್ಬ ರೋಗಿಯನ್ನು ವರ್ಣಿಸಿದ್ದಾನೆ. ಆ ರೋಗಿ ಒಬ್ಬ ಕಮ್ಮಾರ. ಬಹುಕಾಲ ಕುರುಡನಾಗಿದ್ದು ಎಲ್ಲವನ್ನೂ ಮುಟ್ಟಿ ತಿಳಿಯುವುದು ಅವನಿಗೆ ಅಭ್ಯಾಸವಾಗಿತ್ತು. ದಾವಿಯೆಲನು ಕಣ್ಣನ್ನು ಕೊಟ್ಟ ಮೇಲೂ ಅವನು ನೋಡಲೊಲ್ಲದೆ ಕೈಚಾಚಿ ತಡಕುತ್ತಿದ್ದನು. ಶಸ್ತ್ರವೈದ್ಯನು ಸಿಟ್ಟಿಗೆದ್ದು, ನೋಡು ಎಂದು ಗದರಿಸಿ, ಅವನನ್ನು ಹೊಡೆಯುತ್ತಿದ್ದನಂತೆ.

ತತ್ತ್ವಜ್ಞರ ಪ್ರಶ್ನೆಗೆ ಈ ಕಮ್ಮಾರನು ಉತ್ತರವಲ್ಲ, ಅವನು ಹುಟ್ಟುಗುರುಡನಲ್ಲ. ಆದರೆ ಅವರು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯನ್ನು ಅವನು ಎತ್ತುತ್ತಾನೆ. ಕಣ್ಣು ಬಂದವನು ನೋಡಲೇಬೇಕೆಂಬ ನಿಯಮವೇನು? ಮಸೂರವಿಲ್ಲದ ಕಣ್ಣು ಎಲ್ಲವನ್ನೂ ಮಸುಕಾಗಿಯೇ ಕಾಣುತ್ತದೆ. ದಪ್ಪವಾದ ಕನ್ನಡಕವಿಲ್ಲದೆ ಅದಕ್ಕೆ ವಸ್ತುಗಳ ಅಂಚು ತಿಳಿಯದು. ತೆಗೆದ ಮಸೂರಕ್ಕೆ ಪ್ರತಿಯಾಗಿ ಕಣ್ಣಿನೊಳಗೇ ಕೃತಕ ಮಸೂರವನ್ನಿಡುವ ಕ್ರಮವನ್ನು ಹೆರಾಲ್ಡ್ ರಿಡ್ಲಿ ಎಂಬುವನು ಲಂಡನ್ನಿನಲ್ಲಿ ಆರಂಭಿಸಿದುದು 1949ರಲ್ಲಿ. ಅಂಥ ಮಸುಕು ನೋಟಕ್ಕಿಂತ ತನ್ನ ಪಳಗಿದ ಕೈಯೇ ನಂಬಿಕೆಗೆ ಯೋಗ್ಯವೆಂದು ಕಮ್ಮಾರನಿಗೆ ತೋರಿದರೆ ಅದು ಅವಿವೇಕವಲ್ಲ. 182 ಎಂಬ ಸಂಖ್ಯೆಯಲ್ಲಿ ಇಂಥವರೂ ಸೇರಿರಬೇಕು. ಶಸ್ತ್ರವೈದ್ಯನ ಎಣಿಕೆಯಲ್ಲಿ ಕಣ್ಣು ಗುಣವಾಯಿತು; ಕಣ್ಣಿನ ಒಡೆಯನ ಎಣಿಕೆ ಬೇರೆ ಇರಬಹುದಾಗಿತ್ತು. ಹೊಡೆತವನ್ನು ನಾವು ಮೆಚ್ಚಬೇಕಾದ್ದಿಲ್ಲ. ಆದರೆ ರೋಗಿಗೆ ಕಣ್ಣು ಕಂಡೊಡನೆ ಊರನ್ನು ಬಿಟ್ಟುಹೋಗುತ್ತಿದ್ದ ವೈದ್ಯನಿಗೆ ಹೊಡೆಯುವ ಅವಕಾಶವೇ ಇರಲಿಲ್ಲ. ದಾವಿಯೆಲನು ಉಳಿದು ನೋಡಿದನು, ನೋಡಿದ್ದರಿಂದಲೇ ಸಿಟ್ಟಾದನು.

ಅವನ ಕೊನೆಯ ವರ್ಷಗಳು ಕಷ್ಟದವು. ಗಂಟಲಿನ ರೋಗದಿಂದ ಮಾತು ಕಟ್ಟಿ, ನುಂಗುವುದೂ ದುಸ್ತರವಾಯಿತು. ಚಿಕಿತ್ಸೆಗಾಗಿ ಅವನು ಜಿನೀವಾ ನಗರಕ್ಕೆ ಹೋದನು. ಅಲ್ಲಿಯೇ 1762ನೆಯ ಸೆಪ್ಟೆಂಬರು 30ರಂದು ತೀರಿಕೊಂಡನು. ಆ ನಗರವು ಪ್ರಾಟೆಸ್ಟಂಟರದು, ಅವನು ಕ್ಯಾಥೊಲಿಕನು. ಆದುದರಿಂದ ಅವನನ್ನು ನಗರದ ಹೊರಗೆ ಗ್ರಾಂ ಸಾಕೋನೆ ಎಂಬ ಹಳ್ಳಿಯಲ್ಲಿ ಹೂಳಿದರು.